ಯಾರ ಶಿಷ್ಯೆಯೂ ಅಲ್ಲದವಳು

ಪ್ಲಾಸ್ಟಿಕ್ ಕುರ್ಚಿಯ ಒಂದು ಕಾಲು ಗಿಡ್ಡವಿತ್ತೋ, ಹಾಸನದ ಈ ಹಳೇ ಗೋದಾಮಿನ ನೆಲವೇ ಹಾಗಿತ್ತೋ, ಕೂತಲ್ಲೇ ಎಡಕ್ಕೆ ವಾಲುತ್ತಿತ್ತು, ವಾಲಿದಾಗಲೆಲ್ಲ ಆಲೂಗಡ್ಡೆಯ ಮಣ್ಣಿನ ವಾಸನೆ ಭಗ್ಗನೆ ಮೂಗಿಗೆ — ಮೂಟೆಗಳನ್ನು ಎತ್ತಿ ಎಷ್ಟು ವರ್ಷವಾಗಿದ್ದರೂ ಈ ಗೋಡೆಗಳು ವಾಸನೆ ಬಿಟ್ಟಿಲ್ಲ — ಅಷ್ಟರಲ್ಲಿ ಆ ಮಾತು ಕಿವಿಗೆ ಬಿತ್ತು, ಸ್ವಯಂಕಲಿತ. ಯಾರ ಬಳಿಯೂ ಪಾಠ ಹೇಳಿಸಿಕೊಳ್ಳದೆ, ಯಾವ ಗುರುವಿನ ಹಂಗೂ ಇಲ್ಲದೆ, ತನ್ನಷ್ಟಕ್ಕೆ ತಾನೇ ಕಲಿತ ಪ್ರತಿಭೆ, ನಮ್ಮ ಬಾಗೂರಿನ ಭವ್ಯಶ್ರೀ. ಚೂಡಾಮಣಿ ಮೊದಲು ತನಗೇ ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡಳು, ಅರವತ್ತಮೂರು ವರ್ಷದ ಕಿವಿ, ಅದೂ ಈ ತಗಡಿನ ಸೂರಿನ ಕೆಳಗೆ ಮೈಕಿನ ದನಿ ನಾಲ್ಕು ಕಡೆ ಬಡಿದು ಬರುತ್ತದೆ, ಆದರೆ ಇದು ಹೊಳೆನರಸೀಪುರದ ಬಾಲಕಿಯರ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಬೆಳಗಿನ ಪ್ರಾರ್ಥನೆ ಕೇಳಿದ ಕಿವಿ, ಇನ್ನೂರು ಹುಡುಗಿಯರ ನಡುವೆ ಯಾವಳು ಶ್ರುತಿ ಬಿಟ್ಟಳು ಅಂತ ಬೆನ್ನು ಹಾಕಿ ನಿಂತೇ ಹೇಳುತ್ತಿದ್ದ ಕಿವಿ, ಅದು ತಪ್ಪು ಕೇಳಿಸಿಕೊಳ್ಳುವುದಿಲ್ಲ. ಸ್ವಯಂಕಲಿತ ಅಂದನಲ್ಲ ಅವನು, ಆ ರಜನೀಶ್, ಕಾರ್ಯಕ್ರಮ ಏರ್ಪಡಿಸಿದವನು, ಯಾವುದೋ ಕಾಲೇಜಿನಲ್ಲಿ ಪಾಠ ಮಾಡುತ್ತಾನಂತೆ, ಜುಟ್ಟು ಕಟ್ಟಿದ್ದಾನೆ, ಕುತ್ತಿಗೆಗೆ ಟವೆಲ್ಲು — ಹೆಮ್ಮೆಯಿಂದ ಬೇರೆ ಅಂದ, ಗುರುವಿಲ್ಲದ್ದು ಒಂದು ಬಿರುದು ಅನ್ನುವ ಹಾಗೆ! ಪಕ್ಕದ ಕುರ್ಚಿಯಲ್ಲಿ ಭವ್ಯಶ್ರೀಯ ತಾಯಿ ನಾಗಲಕ್ಷ್ಮಿ, ಅವಳಿಗೆ ಆ ಮಾತಿನ ಅರ್ಥವೇ ಹತ್ತಿಲ್ಲ, ಮೊಣಕೈಯಿಂದ ತಿವಿಯುತ್ತಿದ್ದಾಳೆ, ನೋಡಿ ಟೀಚರ್, ನಮ್ ಮಗು, ನಮ್ ಮಗು ಎಸ್ರು ಯೇಳ್ತಾವ್ರೆ. ಹೇಳುತ್ತಾನೆ ಮಾರಾಯ್ತಿ, ಹೇಳುತ್ತಾನೆ, ನಿನ್ನ ಮಗಳ ಹೆಸರು ಹೇಳುತ್ತಾನೆ, ನನ್ನ ಹೆಸರನ್ನು ಒರೆಸಿ ಹೇಳುತ್ತಾನೆ.

ಹನ್ನೊಂದು ವರ್ಷ. ಏಳು ತುಂಬಿದ ಮಗುವಾಗಿದ್ದಾಗ ಬಂದವಳು ಹದಿನೆಂಟಕ್ಕೆ ಬಿಟ್ಟಳು, ಈಗ ಇಪ್ಪತ್ತನಾಲ್ಕಿರಬೇಕು. ಪ್ರತಿ ಭಾನುವಾರ ಇದೇ ನಾಗಲಕ್ಷ್ಮಿ ಬಾಗೂರಿನಿಂದ ಚನ್ನರಾಯಪಟ್ಟಣ, ಚನ್ನರಾಯಪಟ್ಟಣದಿಂದ ಹೊಳೆನರಸೀಪುರ ಅಂತ ಎರಡು ಬಸ್ಸು ಹತ್ತಿಸಿ ಕರೆದುಕೊಂಡು ಬರುತ್ತಿದ್ದಳು, ಬಾಗಿಲಲ್ಲೇ ನಿಂತು, ಇವಳ್ಗೆ ಸಂಗೀತ ಅಂದ್ರೆ ಪ್ರಾಣ ಕಣ್ ಟೀಚರ್, ಎಂಗಾದ್ರೂ ಮಾಡಿ ನಾಕಕ್ಸರ ಯೇಳ್ಕೊಡಿ, ಅಂದಿದ್ದಳು ಮೊದಲ ದಿನ, ಸೆರಗಿನಲ್ಲಿ ಸೊಗಡಿನ ಅವರೆಕಾಯಿ. ಹೇಳಿಕೊಟ್ಟೆ. ಸರಳೆ ವರಸೆಯಿಂದ ಹೇಳಿಕೊಟ್ಟೆ. ಕಾಲು ಮಡಚಿ ಕೂರುವುದನ್ನು, ತೊಡೆಯ ಮೇಲೆ ತಾಳ ಹಾಕುವುದನ್ನು ಹೇಳಿಕೊಟ್ಟೆ, ಎಲ್ಲಕ್ಕಿಂತ ಹೆಚ್ಚಾಗಿ ಹ ಹೇಳಿಕೊಟ್ಟೆ, ಆ ಮಗುವಿನ ಬಾಯಲ್ಲಿ ಹಕಾರವೇ ಇರಲಿಲ್ಲವಲ್ಲ, ಹಸು ಅಸು, ಹಳ್ಳಿ ಅಳ್ಳಿ, ಹೊಳೆ ಒಳೆ, ದೇವರನಾಮದಲ್ಲಿ ಹರಿ ಅಂತ ಬಂದಲ್ಲೆಲ್ಲ ಅರಿ ಅರಿ ಅರಿ, ಕೇಳಿದವರು ನಗುತ್ತಿದ್ದರು, ಹಜಾರದಲ್ಲಿ ಕೂತಿದ್ದ ಬೇರೆ ಮಕ್ಕಳೂ ಲಂಗದ ಅಂಚು ಬಾಯಿಗಿಟ್ಟುಕೊಂಡು ನಗುತ್ತಿದ್ದವು. ಅಂಗೈ ಬಾಯಿಯ ಮುಂದೆ ಹಿಡಿ, ಉಸಿರು ಅಂಗೈಗೆ ತಾಗಬೇಕು, ತಾಗಿದರೆ ಅದು ಹ, ತಾಗದಿದ್ದರೆ ನೀನು ಇನ್ನೂ ಬಾಗೂರಿನಲ್ಲೇ ಇದ್ದೀಯ. ಒಂದು ವರ್ಷ ಹಿಡಿಯಿತು. ಆ ಪುಟ್ಟ ಕೈ ಬಾಯಿಯ ಮುಂದೆ, ಹ, ಹ, ಟೀಚರ್ ತಾಗ್ತು ಟೀಚರ್, ಕಣ್ಣಲ್ಲಿ ಅದೆಂಥ ಬೆಳಕು. ಇಷ್ಟೆಲ್ಲ ಆದ ಮೇಲೆ ಒಂದು ದಿನ, ಪರೀಕ್ಷೆ ಇದೆ ಟೀಚರ್, ಅಂತ ಅಮ್ಮನ ಫೋನಿನಿಂದ ಒಂದು ಸಾಲಿನ ಮೆಸೇಜು, ಆಮೇಲೆ ಸುಳಿವೇ ಇಲ್ಲ, ಆರು ವರ್ಷ. ಯಾವ ಪರೀಕ್ಷೆ ಆರು ವರ್ಷ ನಡೆಯುತ್ತದೆ? ಆ ಶ್ರೀರಾಮನವಮಿಯ ಹಿಂದಿನ ವಾರದಿಂದಲೇ — ಇಲ್ಲ, ಅದು ಬೇರೆ ವಿಷಯ, ಅದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಮೊನ್ನೆ ಕರೆದವಳೂ ನಾಗಲಕ್ಷ್ಮಿಯೇ ಹೊರತು ಮಗಳಲ್ಲ, ಟೀಚರ್, ಮಗೀಂದು ಆಸನ್ದಾಗೆ ಪ್ರೋಗ್ರಾಮ್ ಐತೆ, ಅವ್ಳು ಲ್ಯಾಬ್ ಕೆಲ್ಸ ಮುಗುಸ್ಕಂಡು ಕಷ್ಟಪಟ್ಟು ಮಾಡಿರೋದು, ನೀವು ಬಂದು ಮುಂದೆ ಕೂತ್ಕಬೇಕು, ಅಂದಾಗ ಬರುವುದಿಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ರೇಷ್ಮೆ ಸೀರೆ ಉಟ್ಟು ಮಟಮಟ ಮಧ್ಯಾಹ್ನ ಬಸ್ಸು ಹತ್ತಿ ಬಂದದ್ದು ಇದನ್ನು ಕೇಳಿಸಿಕೊಳ್ಳುವುದಕ್ಕೆ.

ಅಷ್ಟಕ್ಕೂ ಇದೆಂಥ ಸಂಗೀತ ಸಂಜೆ, ಹೊಸ ದನಿಗಳು ಅಂತ ಬಾಗಿಲಲ್ಲಿ ಬಟ್ಟೆಯ ಮೇಲೆ ಬರೆದು ಕಟ್ಟಿದ್ದಾರೆ, ದನಿ ಎಲ್ಲಿದೆ? ಇವಳಿಗಿಂತ ಮುಂಚೆ ಬಂದವನು ಕಾಂತರಾಜು ಅಂತ, ಬಸ್ ಡಿಪೋದ ಮೆಕ್ಯಾನಿಕ್ಕು, ಸವೆದ ಬ್ರೇಕ್ ಡ್ರಮ್ಮುಗಳನ್ನು ಹಗ್ಗದಲ್ಲಿ ತೂಗುಹಾಕಿ ಸ್ಪ್ಯಾನರಿನಿಂದ ಬಡಿದ, ಇಪ್ಪತ್ತು ನಿಮಿಷ ಬಡಿದ, ಜನ ಕಣ್ಣು ಮುಚ್ಚಿ ತಲೆದೂಗಿದರು — ಸರಿ, ಒಂದು ಡ್ರಮ್ಮು ಮಾತ್ರ ಪಂಚಮದಲ್ಲಿ ನಿಂತಿತ್ತು, ಅದನ್ನು ಅವನು ಕೊನೆಗೆ ಅಂತ ಕಾದಿಟ್ಟಿದ್ದ, ಅದು ಗೊತ್ತಾಗಿಯೇ ಮಾಡಿದ್ದು, ಅದನ್ನು ಒಪ್ಪಿಕೊಳ್ಳಬೇಕು — ಈಗ ಇವಳು. ಹತ್ತಿದಳು. ಮರದ ಹಲಗೆ ಹಾಸಿದ ವೇದಿಕೆ, ಹತ್ತುವ ಮೊದಲು ಚಪ್ಪಲಿ ಕಳಚಿ ಬದಿಗಿಟ್ಟು ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಅದನ್ನೂ ತಾನಾಗಿಯೇ ಕಲಿತಳೇನು, ಅದನ್ನು ಯಾರು ಹೇಳಿಕೊಟ್ಟದ್ದು ಕೇಳಿ ಆ ಜುಟ್ಟಿನವನನ್ನು! ಹತ್ತಿ ಕೂರಲಿಲ್ಲ, ನಿಂತಳು, ತಂಬೂರಿಯಿಲ್ಲ ಶ್ರುತಿಪೆಟ್ಟಿಗೆಯಿಲ್ಲ, ಕಾಲ ಬಳಿ ಒಂದು ಕಪ್ಪು ಪೆಟ್ಟಿಗೆ, ಅದಕ್ಕೊಂದು ಗುಂಡಿ. ಮೈಕಿಗೆ ಒಂದೇ ಮಾತು ಅಂದಳು, ಒಳೆ. ಬರಿಗಾಲಿನಿಂದ ಗುಂಡಿ ಒತ್ತಿದಳು, ಪೆಟ್ಟಿಗೆ ಅದನ್ನೇ ಹೇಳತೊಡಗಿತು, ಒಳೆ, ಒಳೆ, ಒಳೆ. ಕಾಲಿನಿಂದ! ಸ್ವರವನ್ನು ಕಾಲಿನಿಂದ ಒತ್ತುವುದು! ಅದರ ಮೇಲೆ ಅಳ್ಳಿ, ಅದರ ಮೇಲೆ ಅಗಲು, ಅಸಿವು, ಒಂದು ವರ್ಷ ಕೂತು ನಾನು ತೊಳೆದು ತೆಗೆದದ್ದನ್ನೆಲ್ಲ ಒಂದೊಂದಾಗಿ ಎತ್ತಿ ವಾಪಸ್ಸು ಹರವುತ್ತಿದ್ದಾಳೆ, ಬೇಕೆಂದೇ, ನನ್ನ ಮುಖದ ಮೇಲೆ, ಮೂರನೇ ಸಾಲಿನಲ್ಲಿ ನಾನು ಕೂತಿರುವುದು ಅವಳಿಗೆ ಕಾಣುತ್ತದೆಯೋ ಇಲ್ಲವೋ. ನಾಗಲಕ್ಷ್ಮಿ ನಗುತ್ತಿದ್ದಾಳೆ, ನಮ್ಮತ್ತೆ ಬೆಟ್ಟಮ್ಮ ಮಾತಾಡ್ದಂಗೇ ಐತೆ ಟೀಚರ್, ಅಂತ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಆಮೇಲೆ ಅವಳು ಅಂಗೈ ಎತ್ತಿ ಬಾಯಿಯ ಮುಂದೆ ಹಿಡಿದಳು. ಚೂಡಾಮಣಿಯ ಬೆನ್ನು ಕುರ್ಚಿ ಬಿಟ್ಟು ನೆಟ್ಟಗಾಯಿತು. ಹ, ಅಂದಳು ಹುಡುಗಿ, ದನಿಯಿಲ್ಲ, ಬರೀ ಉಸಿರು, ಅಂಗೈಗೆ ತಾಗಿ ಮೈಕಿಗೆ ಬಂತು, ಗುಂಡಿ ಒತ್ತಿದಳು, ಇನ್ನೊಂದು ಹ, ಇನ್ನೊಂದು, ಉಸಿರಿನ ಮೇಲೆ ಉಸಿರು ಬಿದ್ದು ಬಿದ್ದು ಗೋದಾಮೆಲ್ಲ ಗಾಳಿ ನುಗ್ಗಿದ ಹಾಗೆ, ಹೇಮಾವತಿಯಲ್ಲಿ ನೀರು ಬಿಟ್ಟ ದಿನ ಸೇತುವೆಯ ಮೇಲೆ ನಿಂತರೆ ಕೇಳುತ್ತದಲ್ಲ ಹಾಗೆ, ಆ ಮೊರೆತದ ಒಳಗಿನಿಂದ ಸಣ್ಣಗೆ, ಕೂದಲೆಳೆಯಷ್ಟು ಸಣ್ಣಗೆ, ಸಾವೇರಿ ರಾಗ. ಆಲಾಪನೆ. ಆ ರಿಷಭ! ಅದನ್ನು ಹಾಗೆ ತೂಗುವವರು ಹಾಸನ ಜಿಲ್ಲೆಯಲ್ಲಿ ಬೇರೆ ಯಾರಿದ್ದಾರೆ, ಮೈಸೂರಿನಲ್ಲಿ ನನ್ನ ಗುರುಗಳ ಮುಂದೆ ಎರಡು ಚಳಿಗಾಲ ಕೂತು ನಾನು ತಂದದ್ದು ಆ ರಿಷಭ, ನನ್ನ ಗಂಟಲಿನಿಂದ ಅವಳ ಗಂಟಲಿಗೆ ಬಿದ್ದದ್ದು, ನನಗಿಂತ ಚೆನ್ನಾಗಿ ನಿಂತಿದೆ, ಹೌದು, ನನಗಿಂತ — ಅದು ಇನ್ನೂ ಉರಿಸುತ್ತದೆ. ಕದ್ದ ಮಾಲನ್ನು ಇಷ್ಟು ಅಂದವಾಗಿ ಜೋಡಿಸಿಟ್ಟು, ಇದು ನನ್ನದೇ, ಯಾರೂ ಕೊಟ್ಟದ್ದಲ್ಲ ಅಂದರೆ?

ಮುಗಿದದ್ದೇ ಚಪ್ಪಾಳೆ, ತಗಡು ಹಾರಿಹೋಗುವಂಥ ಚಪ್ಪಾಳೆ, ಕೆಲವರು ಎದ್ದು ನಿಂತರು, ಚೂಡಾಮಣಿಯ ಕೈ ತಾನಾಗಿಯೇ ಮೇಲೆದ್ದದ್ದನ್ನು ಅವಳು ಮಡಿಲಿಗೆ ಎಳೆದಿಟ್ಟುಕೊಂಡಳು. ರಜನೀಶ್ ಮೈಕು ಹಿಡಿದು ಬಂದ, ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನಿಂದ ಒಬ್ಬ ಗಡ್ಡದವನು, ಮೇಡಂ, ಕೊನೆಯಲ್ಲಿ ಆ ರಾಗ ಅಷ್ಟು ಶುದ್ಧವಾಗಿ ಬಂತಲ್ಲ, ಯಾರ ಹತ್ರಾನೂ ಕಲೀದೆ ಅದು ಹೇಗೆ ಸಾಧ್ಯ ಆಯ್ತು? ಹುಡುಗಿ ಬಾಯಿ ತೆರೆದಳು, ಏನೋ ಹೇಳಲು ಹೊರಟು ತಲೆ ತಗ್ಗಿಸಿದಳು, ರಜನೀಶನೇ ನಗುತ್ತ, ಅದೇ ಸಾರ್ ವಿಶೇಷ, ಸಂಗೀತ ನಮ್ಮ ಮಣ್ಣಲ್ಲೇ ಇದೆ, ಅದಕ್ಕೆ ಮನೆತನ ಬೇಡ ಮೇಷ್ಟ್ರು ಬೇಡ — ಸಾಕು. ಕುರ್ಚಿ ಹಿಂದಕ್ಕೆ ಬಿತ್ತು. ಎದ್ದು ನಿಂತವಳು ತಾನೇ ಅಂತ ಅವಳಿಗೆ ಗೊತ್ತಾದದ್ದು ಎಲ್ಲರ ಮುಖ ತನ್ನ ಕಡೆ ತಿರುಗಿದಾಗ. ಕೊಡಿ ಇಲ್ಲಿ ಅದನ್ನ, ಅಂದಳು, ರಜನೀಶ್ ಮೈಕು ಕೊಟ್ಟ, ರೇಷ್ಮೆ ಸೀರೆಯ ಹಿರಿಯರು ಎರಡು ಒಳ್ಳೆಯ ಮಾತಾಡುತ್ತಾರೆ ಅಂದುಕೊಂಡಿರಬೇಕು ಪಾಪ. ನನ್ನ ಹೆಸರು ಚೂಡಾಮಣಿ. ಹೊಳೆನರಸೀಪುರ. ಈ ಹುಡುಗಿಗೆ ಹನ್ನೊಂದು ವರ್ಷ ಪಾಠ ಹೇಳಿದವಳು ನಾನು. ಈಗ ನೀವೆಲ್ಲ ಚಪ್ಪಾಳೆ ತಟ್ಟಿದ್ರಲ್ಲ ಆ ಸಾವೇರಿ, ಅದು ಮಣ್ಣಿಂದ ಬಂದಿದ್ದಲ್ಲ, ನಮ್ಮನೆ ಹಜಾರದಿಂದ ಬಂದಿದ್ದು. ಗುರು ಇಲ್ಲ ಅಂತ ಹೇಳ್ಕೊಳ್ಳೋದು ನಿಮಗೆ ಫ್ಯಾಷನ್ ಇರಬಹುದು, ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿದೆ. ಪ್ರತಿ ಅಕ್ಷರವೂ ಸ್ಪಷ್ಟವಾಗಿ ಬಿತ್ತು. ಕೇಳು ಭವ್ಯಾ, ನೀನೇ ಹೇಳು, ನಾನು ನಿನಗೆ ಏನೂ ಅಲ್ವಾ? ಪಕ್ಕದಲ್ಲಿ ನಾಗಲಕ್ಷ್ಮಿ ಎದ್ದುನಿಂತು, ಅಯ್ಯೋ ಯಾಕೆ ಟೀಚರ್, ಏನಾಯ್ತು, ಲೇ ಮಗಾ, ಏನ್ಲೇ ಅಂದೆ ನೀನು ಟೀಚರ್ಗೆ, ಅಂತ ಗಾಬರಿಯಲ್ಲಿ ಇಬ್ಬರನ್ನೂ ನೋಡುತ್ತಿದ್ದಳು.

ಹುಡುಗಿ ವೇದಿಕೆಯ ಅಂಚಿಗೆ ಬಂದಳು. ಮೈಕು ಹಿಡಿಯಲಿಲ್ಲ. ಸಿಟ್ಟಾಗುತ್ತಾಳೆ, ಮುಖ ತಿರುಗಿಸುತ್ತಾಳೆ, ಇಲ್ಲ ಸುಳ್ಳು ಹೇಳುತ್ತಾಳೆ, ಮೂರಕ್ಕೂ ಚೂಡಾಮಣಿ ಸಿದ್ಧಳಾಗಿ ನಿಂತಿದ್ದಳು. ನೀವು ಬಂದಿರೋದು ಗೊತ್ತಿರ್ಲಿಲ್ಲ ಟೀಚರ್, ಅಂದಳು ಹುಡುಗಿ. ಅವ್ರು ಕೇಳಿದ್ರು, ಯಾರ ಶಿಷ್ಯೆ ಅಂತ ಹಾಕ್ಲಿ ಅಂತ. ನಿಮ್ಮೆಸ್ರು ಯೇಳ್ಬೋದು ಅಂತ ನಂಗೆ ಗೊತ್ತಿರ್ಲಿಲ್ಲ. ನಿಮ್ಮ ಹೆಸರು ಹೇಳೋ ಹಕ್ಕಿದೆ ಅಂತ — ಅಂತ ತಿದ್ದಿಕೊಂಡಳು, ಹಕಾರಗಳನ್ನು ಒಂದೊಂದಾಗಿ ಒತ್ತಿ, ಪಾಠ ಒಪ್ಪಿಸುವ ಹಾಗೆ. ಕೊಂಕಿರಲಿಲ್ಲ. ಒಂದಿಷ್ಟಾದರೂ ಕೊಂಕಿದ್ದರೆ ಹಿಡಿದುಕೊಳ್ಳಬಹುದಿತ್ತು. ಹಕ್ಕಿಲ್ಲ ಅಂತ ನಿನಗೆ ಯಾರು ಹೇಳಿದರು, ಅಂತ ಕೇಳಲು ಮೈಕು ಬಾಯಿಗೆ ತಂದವಳಿಗೆ ಯಾರು ಹೇಳಿದರು ಅನ್ನುವುದು ಅಷ್ಟರಲ್ಲಿ ಎದುರಿಗೇ ಬಂದು ನಿಂತಿತ್ತು, ಬೇಡ ಬೇಡ ಅಂದರೂ — ಶ್ರೀರಾಮನವಮಿಯ ಹಿಂದಿನ ವಾರ, ಊರಿನ ಸಂಗೀತ ಸಭೆಯ ಆಫೀಸು, ಉತ್ಸವದಲ್ಲಿ ಹೊಸಬರಿಗೆ ಒಂದೇ ಒಂದು ಅರ್ಧ ಗಂಟೆ, ಹುಡುಗಿ ಹಿಂದಿನ ದಿನವಷ್ಟೇ ಪರೀಕ್ಷಕರ ಮುಂದೆ ಹಾಡಿದ್ದಳು, ಹೆದರಿಕೆಗೆ ಒಂದು ಕಡೆ, ಒಂದೇ ಕಡೆ, ಹರಿ ಹೋಗಿ ಅರಿಯಾಗಿತ್ತು, ಅಲ್ಲೇ ಬಿಟ್ಟಿದ್ದ ತಂಬೂರಿ ತರಲು ಮಾರನೇ ದಿನ ಇಬ್ಬರೂ ಹೋಗಿದ್ದೆವು. ಸಭೆಯ ಕಾರ್ಯದರ್ಶಿ ಅಪ್ಪಾಜಿ, ವೀಳ್ಯದೆಲೆ ಮಡಚುತ್ತ, ಏನಮ್ಮ ಚೂಡಾಮಣಿ, ಆ ಅರಿ ಅರಿ ಹುಡುಗಿ ನಿಮ್ಮ ಶಿಷ್ಯೆಯಂತೆ? ಕೂತಿದ್ದ ನಾಲ್ಕು ಜನ ನಕ್ಕರು. ಶಿಷ್ಯೆ ಅಂತ ನೀವು ಹೇಳಿದ್ರೆ ಹಾಕಿಬಿಡೋಣ, ನಿಮ್ಮ ಮಾತಿನ ಮೇಲೆ, ಅಂದಿದ್ದರು ಕೂಡ. ಅಂದಿದ್ದರು. ಒಂದು ಮಾತು ಸಾಕಾಗಿತ್ತು. ಆ ನಗು, ಆ ನಾಲ್ಕು ಜನ, ಬಾಲ್ಯದಿಂದ ನೋಡಿದ ಕೋಟೆ ಬೀದಿಯ ಅದೇ ನಾಲ್ಕು ಮುಖ, ನಾಚಿಕೆಗೆ ನಾನು ಅಂದುಬಿಟ್ಟೆ, ಛೆ ಛೆ, ನನ್ನ ಶಿಷ್ಯೆ ಎಲ್ಲಿ ಬಂತು, ಹಳ್ಳಿ ಹುಡುಗಿ, ಸುಮ್ನೆ ಬಂದು ಕೂತ್ಕೋತಾಳೆ, ಕೇಳಿಸ್ಕೊಂಡು ಕೇಳಿಸ್ಕೊಂಡು ತಾನಾಗೇ ಕಲ್ತಿದ್ದು. ತಾನಾಗೇ ಕಲ್ತಿದ್ದು! ಆ ಅರ್ಧ ಗಂಟೆ ಅಪ್ಪಾಜಿಯ ಮೊಮ್ಮಗಳು ಶ್ರೀಗೌರಿಗೆ ಹೋಯಿತು. ಭವ್ಯಾಗೆ ಏನಂದೆ? ಮುಂದಿನ ವರ್ಷ ನೋಡೋಣ ಅಂದೆ. ಅವಳಿಗೆ ಕೇಳಿಸಿಲ್ಲ ಅಂತ ಆರು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ, ಅವಳು ಹೊರಗೆ ಜಗುಲಿಯಲ್ಲಿದ್ದಳು, ನಡುವೆ ಬಾಗಿಲಿತ್ತು, ಬೀದಿಯಲ್ಲಿ ಲಾರಿ ಹೋಗುತ್ತಿತ್ತು. ಬಾಗಿಲು ತೆರೆದೇ ಇತ್ತು. ಲಾರಿಯೂ ಇರಲಿಲ್ಲ. ಜಗುಲಿಯಲ್ಲಿ ಅವಳು ನನ್ನ ತಂಬೂರಿಗೆ ಗವಸು ಹಾಕಿ ಅದರ ದಾರಕ್ಕೆ ಗಂಟು ಹಾಕುತ್ತಿದ್ದಳು.

ಗೋದಾಮಿನಲ್ಲಿ ರಜನೀಶ್ ಏನೋ ಹೇಳುತ್ತಿದ್ದ, ಅವಳ ಕೈಯಿಂದ ಮೈಕು ಯಾವಾಗ ತೆಗೆದುಕೊಂಡನೋ, ಕ್ಷಮಿಸಿ, ತಪ್ಪು ನಮ್ಮದು, ನಮಗೆ ತಿಳಿದಿರಲಿಲ್ಲ, ಭವ್ಯಶ್ರೀಯವರು ಹೊಳೆನರಸೀಪುರದ ವಿದುಷಿ ಚೂಡಾಮಣಿಯವರ ಶಿಷ್ಯೆ, ಆ ಗುರುಗಳು ನಮ್ಮ ನಡುವೆಯೇ ಇದ್ದಾರೆ, ಎಲ್ಲರೂ ಎದ್ದು ನಿಂತು ಒಂದು ಜೋರು ಚಪ್ಪಾಳೆ. ಎದ್ದು ನಿಂತರು. ಬ್ರೇಕ್ ಡ್ರಮ್ಮಿನ ಕಾಂತರಾಜು ಕೈ ತಲೆಯ ಮೇಲೆತ್ತಿ ಮುಗಿದ. ಕೇಳಿದ್ದೆಲ್ಲ ಸಿಕ್ಕಿತು, ಹೆಸರು, ವಿದುಷಿ ಅನ್ನುವುದು ಕೇಳದೆಯೇ ಸೇರಿಕೊಂಡು ಬಂತು, ಆ ಚಪ್ಪಾಳೆ ಮೈಮೇಲೆ ಮುಷ್ಟಿ ಮುಷ್ಟಿ ಮರಳು ಎರಚಿದ ಹಾಗೆ ಬೀಳುತ್ತಿತ್ತು, ನಿಲ್ಲಿಸಿ, ನಿಲ್ಲಿಸಿ ಅಂತ ಅನ್ನಬೇಕು, ಮೈಕಿಲ್ಲ. ಹುಡುಗಿ ಕೆಳಗಿಳಿದು ಬಂದು ಕಾಲಿಗೆ ಬಿದ್ದಳು. ಎತ್ತುವ ನೆಪದಲ್ಲಿ ಬಗ್ಗಿ ಚೂಡಾಮಣಿ ಅವಳ ಕಿವಿಯ ಹತ್ತಿರ, ಭವ್ಯಾ, ಅವತ್ತು ಸಭೆಯಲ್ಲಿ ನಾನು ಹಾಗಂದಿದ್ದು, ನಾನು ಇದನ್ನ ಇಲ್ಲೇ ಎಲ್ಲರ ಮುಂದೆ — ಹುಡುಗಿಯ ಕೈ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ಬುಡಿ ಟೀಚರ್. ಅಮ್ಮ ಇಲ್ಲೇ ಅವ್ರೆ. ಅಮ್ಮಂಗೆ ಗೊತ್ತಿಲ್ಲ. ಅಷ್ಟೇ ಅಂದಳು, ಎದ್ದಳು, ನಕ್ಕಳು ಕೂಡ, ಯಾರೋ ಫೋನಿನಲ್ಲಿ ಫೋಟೋ ತೆಗೆದರು.

ಅಮ್ಮನಿಗೆ ಗೊತ್ತಿಲ್ಲ. ಆರು ವರ್ಷ ಆ ತಾಯಿಗೆ ಹೇಳಿಲ್ಲ ಆ ಹುಡುಗಿ, ಪರೀಕ್ಷೆ ಅಂದಿದ್ದಾಳೆ, ಕೆಲಸ ಅಂದಿದ್ದಾಳೆ, ಟೀಚರ್ ಮನೆಗೆ ಯಾಕೆ ಹೋಗಲ್ಲ ಅಂತ ಬೈಸಿಕೊಂಡಿದ್ದಾಳೆ, ತಾಯಿಯ ಕಣ್ಣಲ್ಲಿ ನನ್ನನ್ನು ಇಟ್ಟಲ್ಲಿಂದ ಒಂದಿಂಚೂ ಕೆಳಗಿಳಿಸಿಲ್ಲ. ಇದ್ಯಾವ ನ್ಯಾಯ, ಯಾರು ಕೇಳಿದ್ದರು ಇವಳ ಈ ಉಪಕಾರವನ್ನು, ಬೈದಿದ್ದರೆ ಬೈಸಿಕೊಂಡು ಬರುತ್ತಿದ್ದೆ, ಅಪ್ಪಾಜಿಯ ಹೆಸರು ಎತ್ತಿದ್ದರೆ ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ, ಆ ಎಲೆಯಡಿಕೆ ಮುದುಕ, ಆ ನಗು, ಅವರಿಗೇನು ಗೊತ್ತಿತ್ತು ಸಾವೇರಿ, ನನಗೆ ಗೊತ್ತಿತ್ತಲ್ಲ, ಗೊತ್ತಿದ್ದವಳು ನಾನೊಬ್ಬಳೇ ಅಲ್ಲಿ, ಗೊತ್ತಿದ್ದೂ ಅಂದೆ. ಆಟೋದಲ್ಲಿ ನಾಗಲಕ್ಷ್ಮಿ ಪಕ್ಕದಲ್ಲಿ ಕೂತು ಬಸ್ ಸ್ಟ್ಯಾಂಡಿನವರೆಗೂ ಬಿಡಲು ಬಂದಳು, ಮಗಳು ವೈರು ಪೆಟ್ಟಿಗೆ ಕಟ್ಕಂಡು ಆಮೇಲೆ ಬತ್ತಾಳೆ ಟೀಚರ್, ಇವತ್ತು ನೀವು ಎದ್ದು ಯೇಳುದ್ರಲ್ಲ, ಸರ್ಯಾಗ್ ಯೇಳುದ್ರಿ, ಈ ಕಾಲ್ದೋರ್ಗೆ ಗುರು ಇರೀರು ಅಂದ್ರೆ ಏನು ಗೊತ್ತು, ಅವ್ಳ್ದು ತಪ್ಪೇ, ಮನೀಗ್ ಓಗಿ ನಾನು ಉಗೀತೀನಿ. ಬೈಯಬೇಡ, ಅಂದಳು ಚೂಡಾಮಣಿ. ಬೈಯಬೇಡ ನಾಗಲಕ್ಷ್ಮಿ, ಅವಳದ್ದೇನೂ — ಮಣಿಕಟ್ಟಿನ ಮೇಲೆ ಆ ಹಿಡಿತ ಇನ್ನೂ ಇತ್ತು. ನಿಮ್ಮಂತೋರು ಸಿಕ್ಕಿದ್ದು ನಮ್ ಪುಣ್ಯ ಕಣ್ ಟೀಚರ್. ಬಸ್ಸಿನ ಕಿಟಕಿಯಿಂದ ಬಾಳೆಹಣ್ಣಿನ ಚಿಪ್ಪು ಒಳಗೆ ತುರುಕಿದಳು, ಬೇಡ ಅಂದರೂ ಬಿಡಲಿಲ್ಲ. ಬಸ್ಸು ಹೊರಟಿತು, ಊರ ದೀಪಗಳು ಹಿಂದೆ ಸರಿದವು, ಕಂಡಕ್ಟರು ಬಂದು, ಎಲ್ಲಿಗಮ್ಮ, ಅಂತ ಎರಡು ಸಲ ಕೇಳಿದ. ಅವತ್ತು ಸಭೆಯಿಂದ ಹೊರಗೆ ಬಂದಾಗ ಹುಡುಗಿ ತಲೆ ಎತ್ತಲಿಲ್ಲ. ಗವಸಿನ ಗಂಟು ಬಿದ್ದಾಗಿತ್ತು, ಬಿಗಿಯಾಗಿಯೇ ಬಿದ್ದಿತ್ತು, ಅವಳು ಅದನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು. ಹೊರಡೋಣವಾ ಅಂದೆ. ಹೂಂ ಟೀಚರ್ ಅಂದಳು, ಮತ್ತೆ ಬಿಚ್ಚಿದಳು. ಆಮೇಲೆ ತಂಬೂರಿ ಹೊತ್ತು ಬಿಸಿಲಲ್ಲಿ ಮನೆಯವರೆಗೂ ಬಂದಳು, ಮೂಲೆಯಲ್ಲಿಟ್ಟಳು, ನಮಸ್ಕಾರ ಮಾಡಿದಳು, ಹೋದಳು, ಅದೆಲ್ಲ ಆಯಿತು, ಆದರೂ ಅವಳು ಆ ಜಗುಲಿಯಲ್ಲೇ ಕೂತಿದ್ದಾಳೆ, ಎಲ್ಲಿಗಮ್ಮ ಟಿಕೆಟ್ಟು, ತಗ್ಗಿಸಿದ ತಲೆ, ನೆತ್ತಿಯ ಬೈತಲೆ, ಆ ಬೆರಳುಗಳು, ಬಿಚ್ಚುತ್ತವೆ, ಕಟ್ಟುತ್ತವೆ, ಬಿಚ್ಚುತ್ತವೆ, ದಾರ, ಆ ಕೆಂಪು ದಾರ, ಬೆರಳುಗಳು, ಗಂಟು —